ಗ್ರೆನೇಡ್ ಬಿತ್ತು: ಓಡೋದೋ, ನಿಲ್ಲೋದೋ?

ಬಾಂಬ್ ಇಡುವ ಐವರ ಟೆರರಿಸ್ಟ್ ತಂಡಕ್ಕೂ ಅದನ್ನು ತಡೆಯುವ ಐವರ ಸಿಟಿ (ಕೌಂಟರ್-ಟೆರರಿಸ್ಟ್) ತಂಡಕ್ಕೂ ಗುಂಡಿನ ಕಾಳಗ ನಡೆಯುವ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್. ಅದಕ್ಕೆ ಹೊಸದಾಗಿ ಬಂದವರ ಆಟ ನೋಡಿ. ಕಾಲ ಬುಡಕ್ಕೆ ಏನೇ ಬಂದು ಬೀಳಲಿ, ಅವರು ಮಾಡುವುದು ಒಂದೇ: ಬೆನ್ನು ತಿರುಗಿಸಿ ಓಟ. ಕಣ್ಣು ಕೋರೈಸುವ ಫ್ಲ್ಯಾಶ್ ಬಂದಾಗ ಬೆನ್ನು ತಿರುಗಿಸುವುದು ಸರಿ, ಓಡುವುದು ತಪ್ಪು. ಬೆಂಕಿ ಹಚ್ಚುವ ಬಾಟಲಿ ಮೊಲೊಟೊವ್ ಬಂದಾಗ ಓಡುವುದು ಸರಿ, ಬೆನ್ನು ತೋರಿಸುವುದು ತಪ್ಪು. ಹೊಗೆ ಬಿಡುವ ಸ್ಮೋಕ್ ಬಿದ್ದಾಗ ಎರಡೂ ತಪ್ಪು. ಇನ್ನು ಸಿಡಿದು ಗಾಯ ಮಾಡುವ ಹೆಚ್‌ಇ ಕಣ್ಣಿಗೆ ಬೀಳುವ ಹೊತ್ತಿಗೆ ಏನು ಮಾಡಿದರೂ ತಡವೇ. ನಾಲ್ಕಕ್ಕೂ ಒಂದೇ ಮದ್ದು ಅರೆಯುವುದರಿಂದಲೇ ರೌಂಡ್‌ಗಳು ಕೈತಪ್ಪುತ್ತವೆ.

ಮೊದಲು ಎದುರಾಳಿಯ ಜೇಬಿನ ಲೆಕ್ಕ. ಒಬ್ಬ ಆಟಗಾರನ ಹತ್ತಿರ ಒಟ್ಟು 4 ಗ್ರೆನೇಡ್ ಇರಬಹುದು. ಅದರಲ್ಲಿ ಫ್ಲ್ಯಾಶ್ ಎರಡು, ಉಳಿದ ಬಗೆ ಒಂದೊಂದೇ. ಆಟದ ಹಣದಲ್ಲಿ ಫ್ಲ್ಯಾಶ್‌ಗೆ 200 ಡಾಲರ್, ಸ್ಮೋಕ್‌ಗೆ 300, ಹೆಚ್‌ಇಗೆ 300, ಟೆರರಿಸ್ಟ್ ಕಡೆಯ ಮೊಲೊಟೊವ್‌ಗೆ 400. ಸಿಟಿ ಕಡೆಯವರು ಕೊಳ್ಳುವ ಬೆಂಕಿಗೆ ಇನ್ನೂ ಜಾಸ್ತಿ. ಎರಡು ಫ್ಲ್ಯಾಶ್, ಒಂದು ಸ್ಮೋಕ್, ಒಂದು ಮೊಲೊಟೊವ್ ಸೇರಿದರೆ 1,100. ಎಕೆ-47ಕ್ಕೇ 2,700, ಹೆಲ್ಮೆಟ್ ಸಮೇತ ಗುಂಡುತಡೆ ಕವಚ ಕೆವ್ಲಾರ್‌ಗೆ 1,000 ಕೊಟ್ಟ ಮೇಲೆ ಐವರ ಕೈಯಲ್ಲೂ ಪೂರ್ತಿ ಸೆಟ್ ಇರುವುದು ಅಪರೂಪ. ಹಾಗಾಗಿ ಬಿದ್ದ ಪ್ರತಿ ಗ್ರೆನೇಡನ್ನೂ ಎಣಿಸಬೇಕು. ಮಿರಾಜ್ ಎಂಬ ಮ್ಯಾಪಿನಲ್ಲಿ ಬಾಂಬ್ ಇಡುವ ಸೈಟ್ ಎರಡು, ಎ ಮತ್ತು ಬಿ. ಅದರ ಎ ಸೈಟಿಗೆ ಸ್ಟೇರ್ಸ್, ಜಂಗಲ್, ಸಿಟಿ ಎಂಬ ಮೂರೂ ಕಡೆ ಸ್ಮೋಕ್ ಬಿತ್ತು ಅಂದರೆ 900 ಡಾಲರ್ ಹೊಗೆಯಾಯಿತು. ಆ ತಂಡದಲ್ಲಿ ಇನ್ನು ಹೆಚ್ಚೆಂದರೆ ಎರಡು ಸ್ಮೋಕ್ ಉಳಿದಿರುತ್ತವೆ. ಅಲ್ಲಿಂದ ಬಿಗೆ ತಿರುಗಿದರೆ ಅವರು ಬಹುಪಾಲು ಬಯಲಲ್ಲೇ ನಡೆದು ಬರಬೇಕು. ಬಿ ಕಾಯುವವನಿಗೆ ಇದು ಗೊತ್ತಿದ್ದರೆ ಅವನು ಸುಮ್ಮನೆ ಜಾಗ ಬಿಟ್ಟು ಓಡಿಬರುವುದಿಲ್ಲ.

ಫ್ಲ್ಯಾಶ್ ಕೈಬಿಟ್ಟ ಸುಮಾರು ಒಂದೂವರೆ ಸೆಕೆಂಡಿಗೆ ಸಿಡಿಯುತ್ತದೆ. ಎಷ್ಟು ಹೊತ್ತು ಕಣ್ಣು ಕಟ್ಟುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಸಿಡಿದಾಗ ನೀವು ಯಾವ ದಿಕ್ಕಿಗೆ ನೋಡುತ್ತಿದ್ದಿರಿ, ಎಷ್ಟು ದೂರದಲ್ಲಿದ್ದಿರಿ. ನೇರ ನೋಡುತ್ತಿದ್ದು ಹತ್ತಿರವೇ ಇದ್ದರೆ ಹಲವು ಸೆಕೆಂಡ್ ಪೂರ್ತಿ ಬಿಳಿ. ಪಕ್ಕಕ್ಕೆ ತಿರುಗಿದ್ದರೆ ಅರ್ಧಂಬರ್ಧ. ಪೂರ್ತಿ ಬೆನ್ನು ಹಾಕಿದ್ದರೆ ಕಣ್ಣು ಮಿಟುಕಿಸಿದಷ್ಟೇ. ತುಂಬಾ ಜನ ನೆಲ ನೋಡುತ್ತಾರೆ. ಅದರಿಂದ ದೊಡ್ಡ ಪ್ರಯೋಜನವಿಲ್ಲ, ಫ್ಲ್ಯಾಶ್ ಇನ್ನೂ ಮುಂದಿನ ಅರ್ಧದಲ್ಲೇ ಇರುತ್ತದೆ. ತಿರುಗಿದರೆ ಪೂರ್ತಿ ತಿರುಗಿ, ಸಿಡಿದ ಸದ್ದು ಕೇಳಿದ ಕೂಡಲೇ ವಾಪಸ್ ಬನ್ನಿ. ಈ ವಾಪಸ್ ಬರುವುದನ್ನೇ ಮರೆಯುವವರು ಜಾಸ್ತಿ. ಎದುರಾಳಿ ಫ್ಲ್ಯಾಶ್‌ನ ಬೆನ್ನಿಗೇ ನುಗ್ಗುತ್ತಾನೆ, ಅವನಿಗೆ ಸಿಗುವುದು ನಿಮ್ಮ ಬೆನ್ನು.

ಗೋಡೆಗೆ ಬಡಿಸಿ, ಮೂಲೆ ದಾಟುತ್ತಲೇ ಸಿಡಿಯುವಂತೆ ಎಸೆಯುವ ಪಾಪ್‌ಫ್ಲ್ಯಾಶ್‌ಗೆ ಮಾತ್ರ ಈ ಉಪಾಯ ನಡೆಯದು. ಅದು ಕಂಡ ಕ್ಷಣವೇ ಸಿಡಿದಾಗಿರುತ್ತದೆ. ಅದಕ್ಕೆ ಉತ್ತರ ನಿಲ್ಲುವ ಜಾಗದಲ್ಲಿದೆ. ಕುರುಡಾದರೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮರೆ ಸೇರುವಂತಿರಬೇಕು, ಆ ದಾರಿ ಕಣ್ಣು ಮುಚ್ಚಿಕೊಂಡೂ ಗೊತ್ತಿರಬೇಕು. ಬಯಲ ನಡುವೆ ನಿಂತು ಕುರುಡಾದವನಿಗೆ ಕಾಣದ ದಿಕ್ಕಿಗೆ ಗುಂಡು ಸುರಿಯುವುದೊಂದೇ ಉಳಿಯುವುದು. ಕುರುಡಾದ ತಕ್ಷಣ ಮೈಕ್‌ನಲ್ಲಿ ಹೇಳಿ. ಜೊತೆಗಾರ ಆ ಮೂಲೆಯನ್ನು ತಾನು ಹಿಡಿಯಬಲ್ಲ.

ಬೆಂಕಿಯ ವಿಷಯದಲ್ಲಿ ಲೆಕ್ಕ ನಿರ್ದಯಿ. ಮೊಲೊಟೊವ್ ಸುಮಾರು 7 ಸೆಕೆಂಡ್ ಉರಿಯುತ್ತದೆ. ಉರಿ ಏರಿದ ಮೇಲೆ ನಿಮ್ಮ 100 ಪ್ರಾಣದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 40 ತಿನ್ನುತ್ತದೆ. ಕೆವ್ಲಾರ್ ಇದ್ದರೂ ಕಡಿಮೆಯಾಗುವುದಿಲ್ಲ. ಅಂದರೆ ಪೂರ್ತಿ ಪ್ರಾಣವಿದ್ದವನಿಗೂ ಅದರೊಳಗೆ ಮೂರು ಸೆಕೆಂಡ್ ಕಷ್ಟ. ಆದ್ದರಿಂದ ಬಾಟಲಿ ಒಡೆದ ಸದ್ದು ಕೇಳಿದ ಕೂಡಲೇ ಕಾಲು ಕೀಳಬೇಕು. ಮುಖ ಮಾತ್ರ ಎದುರಾಳಿ ಬರುವ ಕಡೆಗೇ ಇರಲಿ, ಏಕೆಂದರೆ ನಿಮ್ಮನ್ನು ಮರೆಯಿಂದ ಹೊರಗೆಳೆಯಲೆಂದೇ ಅವನು ಅದನ್ನು ಎಸೆದದ್ದು. ಅರ್ಧ ಸೆಕೆಂಡ್ ಯೋಚಿಸುತ್ತ ನಿಂತು, ಓಡುವಷ್ಟರಲ್ಲಿ 30 ಪ್ರಾಣ ಕಳೆದುಕೊಂಡು ಹೊರಬಂದವನನ್ನು ಹೊಡೆಯಲು ಪಿಸ್ತೂಲೂ ಸಾಕು.

ಕೈಯಲ್ಲಿ ಸ್ಮೋಕ್ ಇದ್ದರೆ ಬೇರೆ ದಾರಿಯಿದೆ. ಕೆಳಗೆ ನೋಡಿ, ಬಲ ಬಟನ್ ಒತ್ತಿ ಕಾಲ ಬುಡಕ್ಕೆ ಹಾಕಿ. ಬೆಂಕಿ ತಾಗಿದೊಡನೆ ಸ್ಮೋಕ್ ಒಡೆದು ಉರಿಯನ್ನು ಆರಿಸುತ್ತದೆ. ಆಗಲೇ ಹರಡಿರುವ ಸ್ಮೋಕಿನೊಳಗೆ ಬಿದ್ದ ಮೊಲೊಟೊವ್ ಹೊತ್ತಿಕೊಳ್ಳುವುದೂ ಇಲ್ಲ. ಇನ್ಫರ್ನೋ ಮ್ಯಾಪಿನ ಬನಾನಾ ಎಂಬ ದಾರಿಯಲ್ಲಿ ರೌಂಡಿನ ಮೊದಲ ಅರ್ಧ ನಿಮಿಷ ನಡೆಯುವುದು ಬಹುತೇಕ ಇದೇ: ಸಿಟಿಗಳು ದಾರಿಗೆ ಬೆಂಕಿ ಹಾಕುತ್ತಾರೆ, ಟೆರರಿಸ್ಟರು ಸ್ಮೋಕ್ ಹಾಕಿ ಆರಿಸುತ್ತಾರೆ, ಆ ಹೊಗೆಯೊಳಗೆ ನಿಂತವರ ಮೇಲೆ ಹೆಚ್‌ಇ ಬೀಳುತ್ತದೆ. ಉರಿ ಆರಿತೆಂದು ಹೊಗೆಯಲ್ಲೇ ನಿಲ್ಲಬೇಡಿ. ನೀವು ಎಲ್ಲಿದ್ದೀರಿ ಅನ್ನುವುದು ಈಗ ಎಲ್ಲರಿಗೂ ಗೊತ್ತು.

ಸ್ಮೋಕ್‌ನ ಸ್ವಭಾವವೇ ಬದಲಾಗಿದ್ದು 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಬಂದಾಗ. ಈಗ ಹೊಗೆ ಜಾಗವನ್ನು ತುಂಬಿಕೊಳ್ಳುತ್ತದೆ: ಬಾಗಿಲಲ್ಲಿ ಹರಿದುಹೋಗುತ್ತದೆ, ಕಿಟಕಿಯಿಂದ ಆಚೆ ಚೆಲ್ಲುತ್ತದೆ. ಗುಂಡು ಹಾದರೆ ಸಣ್ಣ ಸೀಳು ಬಿಡುತ್ತದೆ. ಹೆಚ್‌ಇ ಸಿಡಿದರೆ ನಡುವೆ ದೊಡ್ಡ ಕಂಡಿ ತೆರೆದು, ಕೆಲವೇ ಕ್ಷಣದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಂದಿನ ಆವೃತ್ತಿಯಲ್ಲಿ ಸ್ಮೋಕ್ ಬಿತ್ತೆಂದರೆ ಗೋಡೆ ಎದ್ದಂತೆ ಎಂದು ನಂಬಿ ಬೆಳೆದವರು ಈಗಲೂ ಅದರ ಹಿಂದೆ ನಿಶ್ಚಿಂತೆಯಾಗಿ ಬಂದೂಕು ರೀಲೋಡ್ ಮಾಡುತ್ತಾ ನಿಲ್ಲುತ್ತಾರೆ. ಒಂದು ಹೆಚ್‌ಇ, ಅದರ ಹಿಂದೆ ಎಡಬ್ಲ್ಯುಪಿ ಸ್ನೈಪರ್ ಬಂದೂಕು ಹಿಡಿದ ಒಬ್ಬ ಇದ್ದರೆ ಅವರ ಕತೆ ಮುಗಿಯಿತು. ಹೊಗೆಯ ಆಯುಸ್ಸು 18 ಸೆಕೆಂಡ್ ಆಸುಪಾಸು. ಅಂಚಿನಿಂದ ಮೊದಲು ಹೊರಬರುವವನು ತಾನು ನೋಡುವ ಮೊದಲೇ ಕಾಣಿಸಿಕೊಳ್ಳುತ್ತಾನೆ. ಆತುರವಿಲ್ಲದ ಕಡೆ ಬಿಟ್ಟುಬಿಡಿ, ಅವನೇ ಬರಲಿ.

ಹೆಚ್‌ಇ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆವ್ಲಾರ್ ಇಲ್ಲದವನ ಹತ್ತಿರವೇ ಸಿಡಿದರೆ ಗರಿಷ್ಠ 98, ಇದ್ದವನಿಗೆ ಸುಮಾರು 57. ಒಂದರಿಂದ ಸಾವಿಲ್ಲ, ಒಂದೇ ಕಡೆ ಎರಡು ಬಿದ್ದರೆ ಕೆವ್ಲಾರ್ ಇದ್ದೂ ಉಳಿಗಾಲವಿಲ್ಲ. ಮೂವರು ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಲ್ಲಬೇಡಿ, ಅಷ್ಟೆ.

ಬಾಂಬ್ ಇಟ್ಟ ಮೇಲೆ ಈ ಎಲ್ಲ ಲೆಕ್ಕ ಒಂದೇ ಕಡೆ ಸೇರುತ್ತದೆ. ಬಾಂಬ್ ಸಿಡಿಯಲು 40 ಸೆಕೆಂಡ್. ನಿಷ್ಕ್ರಿಯಗೊಳಿಸಲು ಕಿಟ್ ಇದ್ದರೆ 5, ಇಲ್ಲದಿದ್ದರೆ 10. ಟೆರರಿಸ್ಟ್ ಒಬ್ಬನೇ ಉಳಿದಿದ್ದಾನೆ, ದೂರದಲ್ಲಿದ್ದಾನೆ, ಕೈಯಲ್ಲಿ ಒಂದು ಮೊಲೊಟೊವ್ ಇದೆ ಅಂದುಕೊಳ್ಳಿ. ನಿಮ್ಮ ಹತ್ತಿರ ಕಿಟ್ ಇದೆ, ಗಡಿಯಾರದಲ್ಲಿ 9 ಸೆಕೆಂಡ್ ಉಳಿದಿದೆ. ಬಾಂಬಿಗೆ ಕೈಹಾಕುತ್ತೀರಿ, ಆ ಸದ್ದಿಗೇ ಕಾದಿದ್ದವನು ಬಾಟಲಿ ಎಸೆಯುತ್ತಾನೆ. ಉರಿಯಲ್ಲಿ ನಿಂತರೆ ಮೂರು ಸೆಕೆಂಡಿಗೆ ಸಾವು, ಆರುವ ತನಕ ಕಾದರೆ ಬಾಂಬ್ ಸಿಡಿಯುತ್ತದೆ. ಅದೇ ನೀವು ಮೊದಲೇ ಬಾಂಬ್ ಮೇಲೆ ಸ್ಮೋಕ್ ಹಾಕಿದ್ದರೆ ಆ ಬಾಟಲಿ ಬಿದ್ದೂ ಹೊತ್ತುತ್ತಿರಲಿಲ್ಲ. ಅವನು ಹೊಗೆಯೊಳಗೆ ಕುರುಡು ಗುಂಡು ಹಾರಿಸಬೇಕಿತ್ತು. ಸೈಟ್ ಮರಳಿ ಹಿಡಿಯಲು ಹೋಗುವ ಸಿಟಿಗಳಲ್ಲಿ ಒಬ್ಬನ ಬಳಿಯಾದರೂ ಸ್ಮೋಕ್ ಉಳಿದಿರಲೇಬೇಕು ಎಂಬ ಹಟ ಅದಕ್ಕೇ. ರೌಂಡಿನ ಮೊದಲ ಹತ್ತು ಸೆಕೆಂಡಿಗೇ ನಾಲ್ಕೂ ಎಸೆದು ಕೈ ಖಾಲಿ ಮಾಡಿಕೊಳ್ಳುವ ಚಟ ದುಬಾರಿ.

ಎಸೆಯುವುದರ ಬಗ್ಗೆ ಒಂದಿಷ್ಟು. ಎಡ ಬಟನ್‌ಗೆ ದೂರ, ಬಲಕ್ಕೆ ಹತ್ತಿರ, ಎರಡೂ ಒಟ್ಟಿಗೆ ಒತ್ತಿದರೆ ನಡುವಿನದು. ಕಲಿತ ಲೈನಪ್ (ಎಲ್ಲಿ ನಿಂತು ಎಲ್ಲಿಗೆ ಗುರಿಯಿಟ್ಟು ಎಸೆಯಬೇಕೆಂಬ ಲೆಕ್ಕ) ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕಾಲು ಪೂರ್ತಿ ನಿಂತಿರುವುದಿಲ್ಲ. ನಿಮ್ಮ ನಡಿಗೆಯ ವೇಗ ಗ್ರೆನೇಡಿಗೂ ಸೇರುತ್ತದೆ, ಒಂದು ಗೇಣು ಆಚೀಚೆಯಾದರೆ ಕಿಟಕಿಯ ಚೌಕಟ್ಟಿಗೆ ಬಡಿದು ವಾಪಸ್ ಬರುತ್ತದೆ. ಅಭ್ಯಾಸದ ಮೋಡ್‌ನಲ್ಲಿ ಎಸೆದದ್ದು ಎಲ್ಲಿ ಬೀಳುತ್ತದೆಂದು ತೋರಿಸುವ ಗ್ರೆನೇಡ್ ಕ್ಯಾಮೆರಾ ಹಾಕಿಕೊಂಡು ಒಂದು ಮ್ಯಾಪಿಗೆ ಮೂರೇ ಸ್ಮೋಕ್ ಕಲಿಯಿರಿ. ವಿಡಿಯೋ ನೋಡಿ ಮೂವತ್ತು ಲೈನಪ್ ಬಾಯಿಪಾಠ ಮಾಡಿದವರು ಪಂದ್ಯದಲ್ಲಿ ಎರಡನ್ನೂ ಸರಿಯಾಗಿ ಹಾಕುವುದಿಲ್ಲ.

ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವರಿಗೆ ಗಡಿಯಾರವೇ ಬೇರೆ. ಅಲ್ಲಿ ಸಿಡಿಯುವ ಗ್ರೆನೇಡ್ ಫ್ರ್ಯಾಗ್‌ನ ಪಿನ್ ಎಳೆದ ಮೇಲೆ ಸುಮಾರು 5 ಸೆಕೆಂಡ್ ಇದೆ. ಹಾಗೇ ಎಸೆದರೆ ಬಿದ್ದ ಮೇಲೂ ಓಡಿಹೋಗಲು ಎದುರಾಳಿಗೆ ಬೇಕಾದಷ್ಟು ಸಮಯ. ಅದಕ್ಕೇ ಕೈಯಲ್ಲೇ ಹಿಡಿದು ಕುಕ್ ಮಾಡುವುದು: ಮೂರು ಎಣಿಸಿ ಬಿಟ್ಟರೆ ಕಿಟಕಿಯೊಳಗೆ ಹೋದೊಡನೆ ಸಿಡಿಯುತ್ತದೆ. ಐದೂ ಎಣಿಸುತ್ತಾ ನಿಂತರೆ ನಿಮ್ಮ ಕೈಯಲ್ಲೇ. ಮನೆಯೊಳಗಿದ್ದು ಹೊರಗೆ ಪಿನ್ ಸದ್ದು ಕೇಳಿದರೆ ಮೆಟ್ಟಿಲು ಹತ್ತಿ ಮಹಡಿ ಬದಲಿಸಿ, ಅದೇ ಕೋಣೆಯ ಇನ್ನೊಂದು ಮೂಲೆಗೆ ಹೋಗಿ ಪ್ರಯೋಜನವಿಲ್ಲ. ಆ ಸದ್ದು ಯಾವ ಕಡೆಯಿಂದ ಬಂತೆಂದು ಫೋನಿನ ಸ್ಪೀಕರ್‌ನಲ್ಲಿ ತಿಳಿಯುವುದು ಕಷ್ಟ, ಬ್ಲೂಟೂತ್‌ನಲ್ಲಿ ತಡವಾಗಿ ಬರುತ್ತದೆ. ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ನಾಕ್ ಆದ, ಅಂದರೆ ಏಟು ತಿಂದು ಕುಸಿದ ಜೊತೆಗಾರನನ್ನು ಎಬ್ಬಿಸಲು 10 ಸೆಕೆಂಡ್ ಬೇಕು, ಸ್ಮೋಕ್ ಹರಡಿಕೊಳ್ಳಲೂ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಹಾಕಿದ ತಕ್ಷಣ ಅವನ ಪಕ್ಕ ಕೂರದೆ ಹೊಗೆ ತುಂಬುವ ತನಕ ಮರೆಯಲ್ಲೇ ಇರಿ. ಸಾಧ್ಯವಾದರೆ ಎರಡು ಸ್ಮೋಕ್ ಹಾಕಿ, ಎರಡನೆಯದು ಅವನಿಂದ ದೂರ ಬೀಳಲಿ. ಎದುರಾಳಿಯ ಫ್ರ್ಯಾಗ್ ಯಾವ ಹೊಗೆಗೆ ಹೋಗಬೇಕೆಂದು ಅವನೇ ಲೆಕ್ಕ ಹಾಕಿಕೊಳ್ಳಲಿ.