ಸೀಲ್ ಇರುವ ಹಳೆಯ ಬಾಕ್ಸ್ ಸೆಟ್: ಬಿಚ್ಚಬೇಕೋ, ಹಾಗೇ ಇಡಬೇಕೋ?

ಪ್ರಶ್ನೆ: 1990ರ ಸುಮಾರಿನ ರಾಕ್ ಬಾಕ್ಸ್ ಸೆಟ್ ಒಂದು ಸಿಕ್ಕಿದೆ. ನಾಲ್ಕು ಸಿಡಿ, ಪ್ಲಾಸ್ಟಿಕ್ ಸುತ್ತು ಇನ್ನೂ ಹರಿದಿಲ್ಲ. ಬಿಚ್ಚಿದರೆ ಬೆಲೆ ಬಿದ್ದುಹೋಗುತ್ತದೆ ಅನ್ನುತ್ತಾರೆ. ಏನು ಮಾಡಲಿ?

ಬಿಚ್ಚಿ. ಮಾರುವುದಕ್ಕೆಂದೇ ಕೊಂಡಿದ್ದರೆ ಮಾತು ಬೇರೆ; ಸೀಲ್ ಇದ್ದ ಪ್ರತಿಗೆ ಹೆಚ್ಚು ಬೆಲೆ ಬರುವುದು ನಿಜವೇ. ಆದರೆ ಆ ಕಾಲದ ಸೆಟ್ಟುಗಳನ್ನು ಒಳಗಿಂದೊಳಗೇ ತಿನ್ನುವವು ಎರಡಿವೆ: ಫೋಮ್ ಮತ್ತು ಕಾಗದ.

ಡಿಸ್ಕ್ ಅಲುಗಾಡದಿರಲೆಂದು ದಪ್ಪ ಕೇಸುಗಳಲ್ಲಿ ತೆಳ್ಳನೆಯ ಫೋಮ್ ಹಾಳೆ ಇಡುತ್ತಿದ್ದರು. ವರ್ಷ ಕಳೆದಂತೆ ಅದು ಅಂಟಂಟಾಗಿ, ಪುಡಿಯಾಗಿ ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ. ಲೇಬಲ್ ಬದಿಗೆ ಮೆತ್ತಿಕೊಂಡರೆ ಕಷ್ಟ. ಹೊಳೆಯುವ ಬದಿಯಲ್ಲಿ ಸುಮಾರು 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಇದೆ. ಲೇಬಲ್ ಬದಿಯಲ್ಲಿ ಲೋಹದ ಪದರಕ್ಕೂ ನಿಮ್ಮ ಉಗುರಿಗೂ ನಡುವೆ ಇರುವುದು ಒಂದು ಪೊರೆ ಲ್ಯಾಕರ್ (ರಕ್ಷಣೆಗೆ ಬಳಿದ ಮೆರುಗೆಣ್ಣೆ), ಅದರ ಮೇಲಿನ ಶಾಯಿ, ಅಷ್ಟೇ. ಹಾಗಾಗಿ ಕೆರೆಯಬೇಡಿ, ಥಿನ್ನರ್ ಹಚ್ಚಲೇಬೇಡಿ. ಪುಡಿಯನ್ನು ಊದಿ ತೆಗೆದು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಫೋಮ್ ಕಸದ ಬುಟ್ಟಿಗೆ. ಮೂಲದ್ದು ಎಂದು ಅದನ್ನೂ ಜೋಪಾನ ಮಾಡುವವರಿದ್ದಾರೆ. ಮಾಡಲಿ, ಡಿಸ್ಕಿನಿಂದ ದೂರ ಇಟ್ಟರಾಯಿತು.

ಕಾಗದದ ಕಥೆ ಇನ್ನೂ ವಿಚಿತ್ರ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ಒತ್ತಿದ ಎಷ್ಟೋ ಸಿಡಿಗಳ ಲ್ಯಾಕರ್, ಬುಕ್‌ಲೆಟ್ ಕಾಗದದಲ್ಲಿದ್ದ ಗಂಧಕವನ್ನು ತಡೆಯಲಿಲ್ಲ. ಡಿಸ್ಕ್ ಅಂಚಿನಿಂದ ಒಳಕ್ಕೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಆದ್ದರಿಂದ ಮೊದಲು ಕೆಡುವುದು ಕೊನೆಯ ಹಾಡುಗಳು: ಚಟಪಟ ಸದ್ದು, ಆಮೇಲೆ ತಡವರಿಕೆ. ನಡುವಿನ ಉಂಗುರದಲ್ಲಿ ‘ಮೇಡ್ ಇನ್ ಯು.ಕೆ. ಬೈ ಪಿಡಿಒ’ ಎಂದಿದ್ದು ಅಂಚು ಕಂದಿದ್ದರೆ, ಆ ಹೊತ್ತೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶ ನಿಮ್ಮ ನಕಲನ್ನು ಅಕ್ಯುರೇಟ್‌ರಿಪ್ ಎಂಬ ಆನ್‌ಲೈನ್ ದತ್ತಸಂಚಯದ ಮೂಲಕ ಬೇರೆಯವರ ನಕಲಿನೊಂದಿಗೆ ತಾಳೆ ನೋಡುತ್ತದೆ. ಬಣ್ಣ ತಿರುಗಿದ್ದನ್ನು ಸರಿಪಡಿಸುವ ಮದ್ದಿಲ್ಲ.

ಸೀಲ್ ಇದೆ ಎಂದ ಮಾತ್ರಕ್ಕೆ ಒಳಗಿನದು ಸರಿಯಿದೆ ಎಂದೂ ಅಲ್ಲ. ಎರಡನೇ ಡಿಸ್ಕ್ ಎರಡು ಸಲ ಬಂದು ಮೂರನೆಯದು ಇಲ್ಲದಿರಬಹುದು. ಪ್ಲಾಸ್ಟಿಕ್ಕನ್ನು ಯಾರು ಬೇಕಾದರೂ ಮತ್ತೆ ಸುತ್ತಬಹುದು. ಇನ್ನು ‘1990ರ ಮೊದಲ ಮುದ್ರಣ’ ಎಂದು ಕೊಂಡ ಡಿಸ್ಕಿನ ನಡುವೆ ಐಎಫ್‌ಪಿಐ (ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟ) ಎಂಬ ಪುಟ್ಟ ಅಕ್ಷರಗಳೊಂದಿಗೆ ಸಂಕೇತ ಸಂಖ್ಯೆ ಕಂಡರೆ ಅದು ಮೊದಲ ಮುದ್ರಣವಲ್ಲ. ಆ ಗುರುತು ಶುರುವಾದದ್ದೇ 1994ರಲ್ಲಿ. ಇದೆಲ್ಲ ಬಿಚ್ಚದೆ ಗೊತ್ತಾಗುವುದಿಲ್ಲ.

ಬಿಚ್ಚುವಾಗ ಮುಚ್ಚಳ ಮತ್ತು ತಳ ಕೂಡುವ ಸಂದಿನಲ್ಲಿ ಮಾತ್ರ ಬ್ಲೇಡ್ ಆಡಿಸಿ, ಪೆಟ್ಟಿಗೆಯ ರಟ್ಟಿಗೆ ತಾಗದಂತೆ. ಸುತ್ತಿನ ಮೇಲಿನ ಸ್ಟಿಕರನ್ನು ಕತ್ತರಿಸಿ ತೆಗೆದು ಪೆಟ್ಟಿಗೆಯ ತಳದಲ್ಲಿ ಇಡಿ; ಬುಕ್‌ಲೆಟ್ಟಿನ ಜೊತೆ ಇಟ್ಟರೆ ಅಂಟು ಹರಡುತ್ತದೆ.

ಸಿಡಿಯ ಬದಲು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಸೆಟ್ಟಾದರೆ ಬಿಗಿದ ಸುತ್ತನ್ನು ಇನ್ನೂ ಬೇಗ ತೆಗೆಯಬೇಕು, ಅದು ಪೆಟ್ಟಿಗೆಯನ್ನೇ ಬಾಗಿಸುತ್ತದೆ. ಒಳಕವರು ಪಿವಿಸಿಯದಾದರೆ ತಟ್ಟೆಯ ಮೇಲೆ ಮಂಜಿನಂಥ ಕಲೆ ಕೂರುತ್ತದೆ, ತೊಳೆದರೂ ಹೋಗದು. ಪಾಲಿಥೀನ್ ಒಳಕವರಿಗೆ ಬದಲಾಯಿಸಿ, ಸೆಟ್ಟನ್ನು ನೆಟ್ಟಗೆ ನಿಲ್ಲಿಸಿ.