ಸ್ಪೀಕರ್ ಬೆನ್ನಿನ ಮೇಲಿರುವ ಓಮ್ ಸಂಖ್ಯೆ

ಗಿಟಾರ್ ಆಂಪ್ಲಿಫೈಯರ್‌ನ ಸ್ಪೀಕರ್ ಹರಿದುಹೋದಾಗ ಅಥವಾ ಅದರ ನಾದ ಕಿವಿಗೆ ಒಗ್ಗದಿದ್ದಾಗ ಹೊಸದನ್ನು ಕೂರಿಸುವುದು ಕಷ್ಟದ ಕೆಲಸವೇನಲ್ಲ. ಹಿಂಬದಿಯ ಹಲಗೆ ಬಿಚ್ಚಿ, ಎರಡು ತಂತಿಗಳನ್ನು ಕಳಚಿ, ಅಂಚಿನ ತಿರುಪುಗಳನ್ನು ತೆಗೆದರೆ ಹಳೆಯ ಸ್ಪೀಕರ್ ಕೈಗೆ ಬರುತ್ತದೆ. ಅಳತೆ ಸರಿಯಿದ್ದರೆ ಹೊಸದು ಅದೇ ಜಾಗದಲ್ಲಿ ಕೂರುತ್ತದೆ. ಆದರೆ ಅದರ ಕಾಂತದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಾಟ್ ಸಂಖ್ಯೆಯ ಪಕ್ಕದಲ್ಲೇ 4, 8 ಅಥವಾ 16 ಓಮ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಇಂಪಿಡೆನ್ಸ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ಅಡ್ಡಿ, ಎಂದು ಕರೆಯುವ ಈ ಸಂಖ್ಯೆಯನ್ನು ಆಂಪ್ಲಿಫೈಯರ್‌ಗೆ ಹೊಂದಿಸದೆ ಮುಂದುವರಿದರೆ, ಸ್ಪೀಕರಿಗಿಂತ ಹೆಚ್ಚು ಬೆಲೆಯ ಭಾಗಗಳು ಸುಟ್ಟುಹೋಗಬಹುದು.

ಚೀಟಿ ಮಾಸಿಹೋದ ಹಳೆಯ ಸ್ಪೀಕರಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಕಡ್ಡಿಗಳನ್ನು ತಾಗಿಸಿದಾಗ ಪರದೆಯ ಮೇಲೆ 6.5 ಎಂದು ಬಂದರೆ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಅದು 8 ಓಮ್ ಸ್ಪೀಕರೇ. ಮೀಟರ್ ಅಳೆಯುವುದು ವಾಯ್ಸ್ ಕಾಯಿಲ್‌ನ (ಕೋನ್ ಎಂಬ ಶಂಕುವಿನಾಕಾರದ ಹಾಳೆಯನ್ನು ಅಲುಗಾಡಿಸುವ ಸುರುಳಿ) ತಾಮ್ರದ ತಂತಿ ನೇರ ವಿದ್ಯುತ್ತಿಗೆ ಒಡ್ಡುವ ರೋಧವನ್ನು ಮಾತ್ರ, ಮತ್ತು ಅದು ಸಾಮಾನ್ಯವಾಗಿ ಚೀಟಿಯಲ್ಲಿರುವ ಸಂಖ್ಯೆಯ ಐದನೇ ನಾಲ್ಕು ಭಾಗದ ಆಸುಪಾಸಿನಲ್ಲಿರುತ್ತದೆ: 16 ಓಮ್ ಸ್ಪೀಕರ್ ಸುಮಾರು 13 ತೋರಿಸಿದರೆ, 4 ಓಮ್‌ನದು ಮೂರು ಚಿಲ್ಲರೆ ತೋರಿಸುತ್ತದೆ. ಅಳೆಯುವ ಮುನ್ನ ಆಂಪ್ಲಿಫೈಯರ್‌ನಿಂದ ಬರುವ ಒಂದು ತಂತಿಯನ್ನಾದರೂ ಕಳಚಿರಬೇಕು. ಇಲ್ಲದಿದ್ದರೆ ಒಳಗಿರುವ ಟ್ರಾನ್ಸ್‌ಫಾರ್ಮರಿನ ಅತಿ ಕಡಿಮೆ ರೋಧವೂ ಅಳತೆಗೆ ಸೇರಿಕೊಂಡು ತಪ್ಪು ಉತ್ತರ ಬರುತ್ತದೆ.

ಗಿಟಾರ್ ನುಡಿಸುವಾಗ ಸ್ಪೀಕರಿನಲ್ಲಿ ಹರಿಯುವುದು ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು. ಅದಕ್ಕೆ ಎದುರಾಗುವ ಅಡ್ಡಿ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. 8 ಓಮ್ ಎಂದು ಬರೆದಿರುವ ಸ್ಪೀಕರ್ ತನ್ನ ಸಹಜ ಕಂಪನಾಂಕದಲ್ಲಿ, ಅಂದರೆ ಗಿಟಾರ್ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ, ಹಲವು ಹತ್ತು ಓಮ್‌ಗಳವರೆಗೆ ಏರುತ್ತದೆ. ಅಲ್ಲಿ ಕೋನ್ ತಾನಾಗಿಯೇ ಜೋರಾಗಿ ಆಡುತ್ತದೆ, ಕಾಂತದ ನಡುವೆ ಚಲಿಸುವ ಕಾಯಿಲ್ ತನ್ನೊಳಗೆ ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಬಿಡಿ ಸ್ವರ ಸುಮಾರು 82 ಹರ್ಟ್ಸ್ ಆಗಿರುವುದರಿಂದ ಈ ಏರು ನುಡಿಸುವವರ ಕೈಯಳತೆಯಲ್ಲೇ ಇರುತ್ತದೆ. ಅಲ್ಲಿಂದ ಮೇಲೆ ಕೆಲವು ನೂರು ಹರ್ಟ್ಸ್‌ನಲ್ಲಿ ಇಂಪಿಡೆನ್ಸ್ 8ರ ಹತ್ತಿರಕ್ಕೆ ಇಳಿದು, ತಾರ ಸ್ವರಗಳ ಕಡೆಗೆ ಹೋದಂತೆ ಕಾಯಿಲ್‌ನ ಪ್ರೇರಕತ್ವದಿಂದ (ವೇಗವಾಗಿ ಬದಲಾಗುವ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಒಡ್ಡುವ ಗುಣ) ಮತ್ತೆ ಏರುತ್ತದೆ. ಹೀಗೆ ಚೀಟಿಯ ಸಂಖ್ಯೆ ಒಂದು ಇಡೀ ಏರಿಳಿತಕ್ಕೆ ಕೊಟ್ಟ ಹೆಸರು. ಒಂದೇ ಓಮ್ ಬರೆದಿರುವ ಎರಡು ಸ್ಪೀಕರ್‌ಗಳು ಒಂದೇ ವಾಲ್ವ್ (ನಿರ್ವಾತ ಕೊಳವೆ) ಆಂಪ್ಲಿಫೈಯರ್‌ನಲ್ಲಿ ಬೇರೆ ಬೇರೆಯಾಗಿ ಕೇಳಿಸುವುದಕ್ಕೆ ಈ ಏರಿಳಿತದ ವ್ಯತ್ಯಾಸವೂ ಒಂದು ಕಾರಣ.

ಹೊಂದಾಣಿಕೆಯ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ. ವಾಲ್ವ್‌ಗಳು ಹೆಚ್ಚು ವೋಲ್ಟೇಜ್ ಮತ್ತು ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತವೆ. ಸ್ಪೀಕರಿಗೆ ಬೇಕಾದದ್ದು ಇದರ ತಿರುವುಮುರುವು. ಎರಡರ ನಡುವೆ ನಿಂತು ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆಂಪ್ಲಿಫೈಯರ್‌ನ ಹಿಂದೆ 8 ಓಮ್ ಎಂದು ಬರೆದಿರುವುದನ್ನು ನೋಡಿ ಟ್ರಾನ್ಸ್‌ಫಾರ್ಮರಿನೊಳಗೆ 8 ಓಮ್ ಎಂಬುದೊಂದು ಕುಳಿತಿದೆ ಎಂದು ಭಾವಿಸುವುದು ಸಹಜ, ಆದರೆ ಅದು ಸರಿಯಲ್ಲ. ಅದರಲ್ಲಿರುವುದು ಎರಡು ತಂತಿ ಸುರುಳಿಗಳ ಸುತ್ತುಗಳ ಅನುಪಾತ ಮಾತ್ರ, ಮತ್ತು ಆ ಅನುಪಾತದ ವರ್ಗದಷ್ಟು ಪಟ್ಟು ಇಂಪಿಡೆನ್ಸ್ ಬದಲಾಗುತ್ತದೆ. ಒಂದು ಜೋಡಿ ವಾಲ್ವ್‌ಗಳಿಗೆ 8,000 ಓಮ್ ಹೊರೆ (ಅವುಗಳಿಗೆ ಎದುರಾಗುವ ಇಂಪಿಡೆನ್ಸ್) ಬೇಕು, ಸ್ಪೀಕರ್ 8 ಓಮ್‌ನದು ಎಂದಿಟ್ಟುಕೊಳ್ಳೋಣ. ಇವೆರಡರ ಅನುಪಾತ 1,000. ಅದರ ವರ್ಗಮೂಲ ಸುಮಾರು 31.6, ಆದ್ದರಿಂದ ಸ್ಪೀಕರ್ ಕಡೆಯ ದ್ವಿತೀಯ ಸುರುಳಿಯ ಒಂದು ಸುತ್ತಿಗೆ ವಾಲ್ವ್ ಕಡೆಯ ಪ್ರಾಥಮಿಕದಲ್ಲಿ 31.6 ಸುತ್ತುಗಳಿರಬೇಕು. ಅದೇ ಜಾಗಕ್ಕೆ 4 ಓಮ್ ಸ್ಪೀಕರ್ ಸಿಕ್ಕಿಸಿದರೆ ವಾಲ್ವ್‌ಗಳಿಗೆ 4,000 ಓಮ್ ಕಾಣುತ್ತದೆ, 16 ಓಮ್‌ನದನ್ನು ಸಿಕ್ಕಿಸಿದರೆ 16,000 ಕಾಣುತ್ತದೆ.

ಹೊರೆ ಕಡಿಮೆಯಾದಾಗ ವಾಲ್ವ್‌ಗಳಲ್ಲಿ ಹೆಚ್ಚು ಕರೆಂಟು ಹರಿದು ಅವು ಬೇಗ ಸವೆಯುತ್ತವೆ. ಹೆಚ್ಚಾದಾಗ ಟ್ರಾನ್ಸ್‌ಫಾರ್ಮರಿನ ಪ್ರಾಥಮಿಕ ಸುರುಳಿಯಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಸ್ಪೀಕರ್ ಇಲ್ಲದೆಯೇ ನುಡಿಸುವುದು ಇದರ ಪರಮಾವಧಿ: ಶಕ್ತಿಗೆ ಹೋಗಲು ದಾರಿಯಿಲ್ಲದೆ ಸುರುಳಿಯ ನಿರೋಧಕ ಹೊದಿಕೆಯನ್ನೇ ಭೇದಿಸಿ ಕಿಡಿ ಹಾರಬಹುದು. ಫೆಂಡರ್ ಕಂಪನಿಯ ಹಲವು ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಪ್ಲಗ್ ಹೊರಬಂದೊಡನೆ ಜ್ಯಾಕ್ ತಾನಾಗಿ ಷಾರ್ಟ್ ಆಗುವಂತೆ ಮಾಡಿರುವುದು ಇದೇ ಕಾರಣಕ್ಕೆ. ಅಲ್ಪ ಕಾಲದ ಷಾರ್ಟನ್ನು ತಾಳಿಕೊಳ್ಳುವ ಟ್ರಾನ್ಸ್‌ಫಾರ್ಮರ್ ತೆರೆದ ಸರ್ಕ್ಯೂಟನ್ನು ತಾಳಿಕೊಳ್ಳದೆ ಹೋಗಬಹುದು. ಎರಡು ಪಟ್ಟು ವ್ಯತ್ಯಾಸವನ್ನು ಸಹಿಸುವ ಆಂಪ್ಲಿಫೈಯರ್‌ಗಳು ಬೇಕಾದಷ್ಟಿವೆ, ಆದರೂ ಸರಿಯಾದ ಓಮ್‌ನ ಸ್ಪೀಕರೇ ಸಿಗುವಾಗ ಆ ಸಹನೆಯನ್ನು ಪರೀಕ್ಷಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಲೆಕ್ಕ ಸರಳ. ಅವುಗಳಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ನಮೂದಿಸಿದ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯದಿದ್ದರೆ ಸಾಕು. 8 ಓಮ್‌ಗೆ 50 ವಾಟ್ ಕೊಡುವ ಆಂಪ್ಲಿಫೈಯರ್ 20 ವೋಲ್ಟ್ ಒದಗಿಸಿ 2.5 ಆಂಪಿಯರ್ ಹರಿಸುತ್ತದೆ. ಅದಕ್ಕೆ 4 ಓಮ್ ಜೋಡಿಸಿದರೆ ಕರೆಂಟು 5 ಆಂಪಿಯರ್‌ಗೆ ಏರಲು ಹೊರಡುತ್ತದೆ, ಅದನ್ನು ಭರಿಸಲಾಗದ ಟ್ರಾನ್ಸಿಸ್ಟರ್‌ಗಳು ಕಾದು ಕೆಡುತ್ತವೆ. 16 ಓಮ್ ಜೋಡಿಸಿದರೆ ಅಪಾಯವಿಲ್ಲ. ಶಕ್ತಿ 25 ವಾಟಿಗೆ ಇಳಿಯುತ್ತದೆ, ಧ್ವನಿ 3 ಡೆಸಿಬೆಲ್‌ನಷ್ಟು ತಗ್ಗುತ್ತದೆ.

ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಸ್ಪೀಕರ್‌ಗಳಿದ್ದರೆ ಜೋಡಣೆಯ ಬಗೆಯೂ ಲೆಕ್ಕಕ್ಕೆ ಬರುತ್ತದೆ. 8 ಓಮ್‌ನ ಎರಡನ್ನು ಸರಣಿಯಲ್ಲಿ ಜೋಡಿಸಿದರೆ 16, ಸಮಾಂತರದಲ್ಲಿ 4. ಎರಡು ಸ್ಪೀಕರ್‌ಗಳ ಫೆಂಡರ್ ಟ್ವಿನ್ ರಿವರ್ಬ್ ಆಂಪ್ಲಿಫೈಯರ್ ಎರಡನೆಯ ಬಗೆಯದು. ನಾಲ್ಕು ಸ್ಪೀಕರ್‌ಗಳನ್ನು ಎರಡೆರಡಾಗಿ ಸರಣಿಯಲ್ಲಿಟ್ಟು ಆ ಜೋಡಿಗಳನ್ನು ಸಮಾಂತರಗೊಳಿಸಿದರೆ ಒಂದರ ಓಮ್ ಸಂಖ್ಯೆಯೇ ಒಟ್ಟಿನ ಸಂಖ್ಯೆಯಾಗುತ್ತದೆ. ಬೇರೆ ಬೇರೆ ಓಮ್‌ನವನ್ನು ಬೆರೆಸುವುದು ಬೇಡ: 8 ಮತ್ತು 16ನ್ನು ಸಮಾಂತರವಾಗಿಟ್ಟರೆ ಒಟ್ಟು 5.3 ಆಗುವುದಲ್ಲದೆ, 8 ಓಮ್‌ನದು ಶಕ್ತಿಯ ಮೂರನೇ ಎರಡು ಪಾಲನ್ನು ತಾನೊಂದೇ ಹೊರಬೇಕಾಗುತ್ತದೆ.

ಹೊಸ ಸ್ಪೀಕರನ್ನು ಕೂರಿಸಿದ ಮೇಲೆ, ಆಂಪ್ಲಿಫೈಯರ್‌ಗೆ ಸಿಕ್ಕಿಸುವ ಮುನ್ನ, ಸ್ಪೀಕರ್ ತಂತಿಯ ಕೊನೆಯ ಪ್ಲಗ್‌ನ ತುದಿಗೂ ಬುಡಕ್ಕೂ ಮೀಟರ್ ಹಿಡಿಯಬೇಕು. 8 ಓಮ್ ಸ್ಪೀಕರಿಗೆ ಆರೂವರೆ ಆಸುಪಾಸು ಬಂದರೆ ಎಲ್ಲವೂ ಸರಿ. ಸೊನ್ನೆ ಬಂದರೆ ಎಲ್ಲೋ ಎರಡು ತಂತಿಗಳು ತಾಗಿಕೊಂಡಿವೆ. ಮೀಟರ್ ಏನನ್ನೂ ತೋರಿಸದಿದ್ದರೆ ಸರ್ಕ್ಯೂಟ್ ತುಂಡಾಗಿದೆ ಎಂದರ್ಥ. ಬೆಸುಗೆ ಬಿಟ್ಟ ಜಾಗ ಸಿಗುವವರೆಗೆ ವಾಲ್ವ್ ಆಂಪ್ಲಿಫೈಯರ್‌ನ ಸ್ವಿಚ್ಚಿಗೆ ಕೈ ಹಾಕಬಾರದು.