ಖಾಲಿ ಬಸ್ಸಿನಲ್ಲಿ ಜೋಡಿಯಾಗಿ ಯಾರು ಕೂರ್ತಾರೆ?

"ಸರ್, ಸೈಕ್ಲೋಡೆಕ್ಸ್ಟ್ರಿನ್ ಇನ್ನೂ ಸ್ವಲ್ಪ ಹಾಕ್ಲಾ?" ಲ್ಯಾಬಿಗೆ ಬರುವ ಪ್ರತಿ ಹೊಸ ಬ್ಯಾಚೂ ಇದನ್ನೇ ಕೇಳುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ! ಸಾರಾದರೆ ರುಚಿ ನೋಡಿ ಕೈ ತಡೆಯಬಹುದು. ಸೈಕ್ಲೋಡೆಕ್ಸ್ಟ್ರಿನ್ ಅಂದರೆ ಬೇರೆ ಅಣುಗಳನ್ನು ಹೊಟ್ಟೆಯಲ್ಲಿ ಕೂರಿಸಿಕೊಳ್ಳುವ ಬಳೆಯಂಥ ಸಕ್ಕರೆ ಅಣು.

ಕಳೆದ ವರ್ಷ ಒಬ್ಬ ಹುಡುಗ ನೀರಿನಲ್ಲಿ ಕರಗುವ ಸ್ಟಿಲ್ಬೀನ್ ಲವಣವೊಂದನ್ನು ಬೆಳಕಿನಿಂದ ಜೋಡಿಸಲು ಹೊರಟಿದ್ದ. ಎರಡು ಅಣು ಬೆಸೆದುಕೊಂಡರೆ ನಡುವೆ ನಾಲ್ಕು ಕಾರ್ಬನ್ನಿನ ಚೌಕ ಮೂಡುತ್ತದೆ. ಒಂಟಿಯಾಗಿದ್ದರೆ ಅಣು ಸುಮ್ನೆ ತುದಿಗಳು ಆಚೀಚೆ ಇರುವ ಟ್ರಾನ್ಸ್ ರೂಪದಿಂದ ಎರಡೂ ಒಂದೇ ಕಡೆ ಇರುವ ಸಿಸ್ ರೂಪಕ್ಕೆ ಹೊರಳುತ್ತದೆ. ಗಾಮಾ ಸೈಕ್ಲೋಡೆಕ್ಸ್ಟ್ರಿನ್ ಅಂದರೆ ಎಂಟು ಗ್ಲೂಕೋಸ್ ಸೇರಿದ ಬಳೆ. ಅದರ ಹೊಟ್ಟೆಯಲ್ಲಿ ಇಂಥ ಎರಡು ಅಣುಗಳಿಗೆ ಜಾಗವಿದೆ. ನೀರಲ್ಲಿ ಸಲೀಸಾಗಿ ಕರಗುತ್ತದೆ, ಅದೇ ತೊಂದರೆ, ಕೈ ತಡೆಯುವುದೇ ಇಲ್ಲ. ಹುಡುಗ ಸ್ಟಿಲ್ಬೀನಿನ ಹತ್ತು ಪಟ್ಟು ಬಳೆ ಸುರಿದ. ರಾತ್ರಿಯಿಡೀ ಲ್ಯಾಂಪ್ ಉರಿಸಿದ. ಬೆಳಗ್ಗೆ ಎನ್‌ಎಂಆರ್ (ಅಣುವಿನ ರಚನೆಯನ್ನು ಗೆರೆಗಳಲ್ಲಿ ತೋರಿಸುವ ಪರೀಕ್ಷೆ) ತೆಗೆದರೆ ಅದರ ಅಳತೆಪಟ್ಟಿಯ 6.6ರ ಆಸುಪಾಸು ಸಿಸ್‌ನ ಗೆರೆ ಎದ್ದು ನಿಂತಿತ್ತು. ಚೌಕದ ಸುಳಿವು ಹೆಸರಿಗಷ್ಟೇ.

ಖಾಲಿ ಬಸ್ ಹತ್ತಿದರೆ ನಾವೇನು ಮಾಡ್ತೀವಿ? ಒಬ್ಬೊಬ್ಬರು ಒಂದೊಂದು ಜೋಡಿ ಸೀಟು ಹಿಡಿದು ಕಿಟಕಿ ಪಕ್ಕ ಕೂರುತ್ತೇವೆ, ಅಲ್ವಾ? ಬಳೆ ಜಾಸ್ತಿಯಾದರೆ ಅಣುಗಳ ಕಥೆಯೂ ಅದೇ.

ಬೆಳಕು ಬಿದ್ದ ಮೇಲೆ ಜೋಡಿ ಹುಡುಕಿಕೊಳ್ಳುವುದಿಲ್ಲವಾ ಅಂತ ಅವನ ವಾದ. ಪುರುಸೊತ್ತೆಲ್ಲಿದೆ ಮಾರಾಯ! ಸ್ಟಿಲ್ಬೀನ್ ಬೆಳಕು ಹೀರಿ ಉದ್ರೇಕಗೊಂಡ ಸ್ಥಿತಿಯಲ್ಲಿ ಒಂದು ನ್ಯಾನೊಸೆಕೆಂಡ್ ಕೂಡ ಇರುವುದಿಲ್ಲ. ಬಳೆಯಿಂದ ಹೊರಬರಲು ಸಾಮಾನ್ಯವಾಗಿ ಅದಕ್ಕಿಂತ ಸಾವಿರಾರು ಪಟ್ಟು ಹೊತ್ತು ಬೇಕು. ಎದ್ದು ಸೀಟು ಬದಲಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಳೆ ಯಾರನ್ನೂ ನೂಕುವುದಿಲ್ಲ, ಬೆಸೆಯುವುದೂ ಇಲ್ಲ. ಯಾರ ಪಕ್ಕ ಯಾರು, ಯಾವ ಕಡೆ ಮುಖ ಮಾಡಿ ಅನ್ನುವುದನ್ನು ಲ್ಯಾಂಪ್ ಹಾಕುವ ಮೊದಲೇ ತೀರ್ಮಾನಿಸಿರುತ್ತದೆ, ಅಷ್ಟೇ.

ಎಲ್ಲ ಅಣುವೂ ಹೀಗೇ ಅಂತ ನಾನು ಹೇಳಲಾರೆ. 2-ಆಂಥ್ರಸೀನ್ ಕಾರ್ಬಾಕ್ಸಿಲೇಟ್ ಎಂಬ ಇನ್ನೊಂದು ಅಣು ಇದೇ ಗಾಮಾ ಬಳೆಯಲ್ಲಿ ಒಂದು ಕೂತರೆ ಎರಡನೆಯದನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅಂಥವುಗಳ ಜೊತೆ ಕೈ ಸ್ವಲ್ಪ ಜಾಸ್ತಿಯಾದರೂ ನಡೆದೀತು. ಕುಕುರ್ಬಿಟ್ಯುರಿಲ್-8 ಎಂಬ ಇನ್ನೊಂದು ಪೊಳ್ಳು ಹೊಟ್ಟೆಯ ಅಣುವಿನ ತಕರಾರೇ ಬೇರೆ. ಅದು ನೀರಲ್ಲಿ ಕರಗುವುದೇ ಕಷ್ಟ, ಹೆಚ್ಚಾದದ್ದು ಬಿಳಿ ಗಸಿಯಾಗಿ ತಳದಲ್ಲಿ ಕೂತು ಬೆಳಕನ್ನು ಚೆದುರಿಸುತ್ತದೆ.

ಒಂದು ಅಣು ಇನ್ನೊಂದಕ್ಕೆ ಜಾಗ ಕೊಡುವ ಈ ಆತಿಥ್ಯದ ಲೆಕ್ಕ ನಮ್ಮೂರಿಗೇನೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲೇ ವಿ. ರಾಮಮೂರ್ತಿಯವರ ಗುಂಪು ಮಿಸೆಲ್ (ನೀರಿನಲ್ಲಿ ಸೋಪಿನಂಥ ಅಣುಗಳು ಕಟ್ಟುವ ಉಂಡೆ), ಸೈಕ್ಲೋಡೆಕ್ಸ್ಟ್ರಿನ್ ಇಟ್ಟುಕೊಂಡು ಇಂಥ ಪ್ರಯೋಗ ಮಾಡುತ್ತಿತ್ತು.

ಹುಡುಗನಿಗೆ ಲ್ಯಾಂಪ್ ಮುಟ್ಟಬೇಡ ಅಂದೆ. ಮೊದಲು ಎನ್‌ಎಂಆರ್ ಟ್ಯೂಬಿನಲ್ಲಿ ಬಳೆಯನ್ನು ಚೂರು ಚೂರೇ ಸೇರಿಸುತ್ತಾ ಗೆರೆ ಎಲ್ಲಿಗೆ ಸರಿಯುತ್ತದೆ ನೋಡು, ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಅದರಿಂದ ಗೊತ್ತಾಗುತ್ತದೆ ಅಂದೆ. ಮೂರು ದಿನ ಮುಖ ಊದಿಸಿಕೊಂಡೇ ಮಾಡಿದ. ನಾಲ್ಕನೇ ದಿನ ಎರಡು ಅಣುವಿಗೊಂದರ ಲೆಕ್ಕದಲ್ಲಿ ಬಳೆ ಹಾಕಿ ಲ್ಯಾಂಪ್ ಹಚ್ಚಿದ. ಚೌಕ ಬಂತು. ಆಮೇಲೆ ಮೆಲ್ಲಗೆ ಕೇಳಿದ, "ಸರ್, ಇನ್ನೊಂಚೂರು ಹಾಕಿದ್ರೆ?"